ಊದಿದ ಗಾಜು, ಒಡೆದ ಬಳೆ

ನಾಯಕನಹಟ್ಟಿಯ ಜಾತ್ರೆಗೆ ಹೋದವರು ಬಳೆ ಅಂಗಡಿಗಳ ಸಾಲನ್ನು ಮರೆಯಲಾರರು. ಹಸಿರು, ಕೆಂಪು, ಕಪ್ಪು, ಚುಕ್ಕಿ, ಗೀರು. ಬಳೆಗಾರ ಹೆಣ್ಣುಮಗಳ ಅಂಗೈಯನ್ನು ಮೃದುವಾಗಿ ಒತ್ತಿ ಒಂದೊಂದೇ ಬಳೆ ಏರಿಸುತ್ತಾನೆ. ನಡುವೆ ಒಂದು ಚಟ್ಟನೆ ಒಡೆದರೆ ಪಕ್ಕದಲ್ಲಿರುವ ಅಜ್ಜಿ ‘ಒಡೆಯಿತು’ ಎನ್ನುವುದಿಲ್ಲ, ‘ಬಳೆ ಹೆಚ್ಚಿತು’ ಎನ್ನುತ್ತಾಳೆ. ಒಡೆದ ಚೂರು ಮಣ್ಣಿಗೆ ಬೀಳುತ್ತದೆ. ಅಲ್ಲಿಗೆ ಅದರ ಕತೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ.

ಆದರೆ ಮುಗಿಯುವುದಿಲ್ಲ. ಕಬ್ಬಿಣ ತುಕ್ಕು ಹಿಡಿದು ಹೋಗುತ್ತದೆ, ಮರ ಗೆದ್ದಲಿಗೆ ಹೋಗುತ್ತದೆ, ಬಟ್ಟೆ ಮಣ್ಣಾಗುತ್ತದೆ. ಗಾಜಿನ ಚೂರು ಮಾತ್ರ ಎರಡು ಸಾವಿರ ವರ್ಷ ಕಳೆದರೂ ಮಣ್ಣಿನಲ್ಲಿ ಉಳಿದುಕೊಂಡು, ಓದಬಲ್ಲವರಿಗಾಗಿ ಕಾಯುತ್ತಿರುತ್ತದೆ. ಚಳ್ಳಕೆರೆಯ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಂಥ ಓದು ನಡೆದಿದೆ. ಆ ಓದಿನ ಬೆನ್ನು ಹತ್ತಿದರೆ ದಾರಿ ನೇರವಾಗಿ ಸಮುದ್ರ ದಾಟಿ, ಕೊಳವೆಯ ತುದಿಗೆ ಬಾಯಿಟ್ಟು ಕೆಂಡದಂಥ ಗಾಜನ್ನು ಊದುತ್ತಿದ್ದ ರೋಮ್ ಸಾಮ್ರಾಜ್ಯದ ಕುಶಲಕರ್ಮಿಯ ಮುಂದೆ ತಂದು ನಿಲ್ಲಿಸುತ್ತದೆ.

ಇಸಿಲ ಎಂಬ ಊರು

ಬ್ರಹ್ಮಗಿರಿ ಸಿದ್ದಾಪುರ ಗ್ರಾಮದ ಬಳಿಯ ಬಂಡೆಗುಡ್ಡ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ, ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಕಿರುಶಾಸನಗಳನ್ನು ಪತ್ತೆ ಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ‘ಇಸಿಲ’ದ ಅಧಿಕಾರಿಗಳಿಗೆ ಬಂದ ಆದೇಶ ಆ ಶಾಸನದಲ್ಲಿದೆ. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣವೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಮೈಸೂರು ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಇಲ್ಲಿ ನೆಲ ಅಗೆಸಿ ನೋಡಿದರು. 1947ರಲ್ಲಿ, ಆಗ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲೂ ಉತ್ಖನನ ನಡೆಸಿದರು. ಹೋಳಿಗೆಯನ್ನು ಪದರಪದರವಾಗಿ ಬಿಡಿಸಿದಂತೆ ನೆಲವನ್ನು ಬಿಡಿಸಿ, ಯಾವ ಪದರದಲ್ಲಿ ಏನು ಸಿಕ್ಕಿತು ಎಂದು ಬರೆದಿಡುವುದು ಅವರ ಪದ್ಧತಿ. ಬ್ರಹ್ಮಗಿರಿಯ ಅಡಿಯ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳ ಜನ, ಅದರ ಮೇಲೆ ಕಬ್ಬಿಣ ಬಳಸುತ್ತ ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಜನ, ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲದ ಪಟ್ಟಣ. ಮಡಕೆ ಚೂರು, ಮಣಿ, ಗಾಜಿನ ಬಳೆಯ ತುಂಡುಗಳ ಬೆಲೆ ತಿಳಿಯುವುದು ಇಂಥ ಪದರಗಳಲ್ಲಿ ಅವು ಎಲ್ಲಿ ಕುಳಿತಿದ್ದವು ಎಂಬುದರಿಂದ.

ಈ ಪದರಗಳಿಗೆ ವರ್ಷ ಕಟ್ಟುವುದು ಹೇಗೆ? ಮಣ್ಣಿನ ಮೇಲೆ ತಾರೀಖು ಬರೆದಿರುವುದಿಲ್ಲವಲ್ಲ! ಅದಕ್ಕೆ ಬೇಕಾದ ಬೀಗದ ಕೈ ದೂರದ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿತ್ತು. ಸಮುದ್ರತೀರದ ಆ ಹಳೆಯ ವ್ಯಾಪಾರಕೇಂದ್ರದಲ್ಲಿ 1945ರಲ್ಲಿ ವ್ಹೀಲರ್ ಅಗೆದಾಗ ಇಟಲಿಯಲ್ಲಿ ತಯಾರಾದ ಮುದ್ರೆಯೊತ್ತಿದ ಕೆಂಪು ತಟ್ಟೆಗಳ ಚೂರು, ದ್ರಾಕ್ಷಾರಸ ತುಂಬಿ ತಂದ ಹೂಜಿಗಳ ತುಣುಕು, ರೋಮನ್ ಗಾಜಿನ ಬಟ್ಟಲುಗಳ ಚೂರು ಕಂಡವು. ಇಟಲಿಯ ತಟ್ಟೆಗಳ ಕಾಲ ಗೊತ್ತಿತ್ತು, ಕ್ರಿಸ್ತಶಕದ ಆರಂಭದ ದಶಕಗಳು. ಅದೇ ನೆಲದಲ್ಲಿ ಒಳತಳಕ್ಕೆ ಸಾಲುಸಾಲಾಗಿ ಚುಕ್ಕಿಯೊತ್ತಿದ ಒಂದು ಬಗೆಯ ನಯವಾದ ಮಡಕೆಯೂ ಇತ್ತು. ಎರಡು ವರ್ಷದ ಮೇಲೆ ಬ್ರಹ್ಮಗಿರಿ, ಚಂದ್ರವಳ್ಳಿಗಳ ಮೇಲುಪದರಗಳಲ್ಲಿ ಅದೇ ಚುಕ್ಕಿಮಡಕೆ ಮತ್ತೆ ಕಂಡಿತು. ಚಂದ್ರವಳ್ಳಿಯಲ್ಲಂತೂ ಕ್ರಿ.ಶ. 14ರಿಂದ 37ರವರೆಗೆ ಆಳಿದ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೇ ದೊರೆಯಿತು. ಬಯಲುಸೀಮೆಯ ಬಂಡೆಗಳ ನಡುವಿನ ಊರಿಗೂ ರೋಮ್‌ಗೂ ನಂಟಿತ್ತು!

ಟೈಬೀರಿಯಸ್‌ನ ಹೆಸರನ್ನು ನೆನಪಿಡಿ. ಗಾಜಿನ ಕತೆಯಲ್ಲಿ ಆತ ಮತ್ತೆ ಬರುತ್ತಾನೆ.

ಮರಳು, ಚೌಳು, ಬೆಂಕಿ

ಗಾಜು ಎಂದರೇನು? ಮೂಲದಲ್ಲಿ ಅದು ಮರಳು. ಮರಳಿನಲ್ಲಿರುವ ಸಿಲಿಕಾ ಕರಗಬೇಕಾದರೆ 1,700 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಬೇಕು. ಅಷ್ಟು ಕಾವು ಕೊಡುವ ಕುಲುಮೆ ಹಿಂದಿನವರ ಬಳಿ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸೋಡಾ ಬೆರೆಸುವುದು. ಸೋಡಾ ಸೇರಿದರೆ ಮರಳು 1,100 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಒಪ್ಪುತ್ತದೆ. ಆದರೆ ಬರೀ ಸೋಡಾ, ಮರಳುಗಳ ಗಾಜು ನೀರಿನಲ್ಲಿ ಕರಗಿಹೋಗುತ್ತದೆ. ಅದನ್ನು ಗಟ್ಟಿ ನಿಲ್ಲಿಸಲು ಸುಣ್ಣದಂಶ ಬೇಕು. ರೋಮನ್ ಗಾಜನ್ನು ಇಂದು ಪರೀಕ್ಷಿಸಿದರೆ ಸುಮಾರು 70 ಪಾಲು ಸಿಲಿಕಾ, 16-17 ಪಾಲು ಸೋಡಾ, 7-8 ಪಾಲು ಸುಣ್ಣ ಕಾಣುತ್ತದೆ. ಇಂದಿನ ಕಿಟಕಿ ಗಾಜಿನ ಲೆಕ್ಕವೂ ಇದಕ್ಕೆ ತುಂಬ ದೂರವಿಲ್ಲ.

ಸೋಡಾ ಎಂದರೆ ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಹೊಸತಲ್ಲ. ವೇದಾವತಿಯ ಬಯಲಿನಲ್ಲಿ ಅಲ್ಲಲ್ಲಿ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳನ್ನು ನೋಡದವರಾರು? ಬೆಳೆಗೆ ಅದು ಶಾಪ. ಆದರೆ ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಅದೇ ಮಣ್ಣನ್ನು ಬಳಸುತ್ತಿದ್ದರು. ರೋಮನ್ನರ ಗಾಜಿಗೆ ಸೋಡಾ ಬರುತ್ತಿದ್ದದ್ದು ಈಜಿಪ್ಟಿನ ವಾಡಿ ನಾಟ್ರೂನ್ ಎಂಬ ಕಣಿವೆಯಿಂದ. ಅಲ್ಲಿ ಕೆರೆಗಳು ಬತ್ತಿದಾಗ ದಡದಲ್ಲಿ ‘ನೇಟ್ರಾನ್’ ಎಂಬ ಸೋಡಾ ಉಪ್ಪು ಹೆಪ್ಪುಗಟ್ಟುತ್ತಿತ್ತು.

ಗಾಜು ಹುಟ್ಟಿದ ಬಗ್ಗೆ ರೋಮನ್ ಲೇಖಕ ಪ್ಲಿನಿ ಒಂದು ಕತೆ ಹೇಳಿದ್ದಾನೆ. ಸಿರಿಯಾ ಸೀಮೆಯ ಬೇಲಸ್ ನದಿಯ ಮುಖದಲ್ಲಿ ನೇಟ್ರಾನ್ ವ್ಯಾಪಾರಿಗಳ ಹಡಗು ತಂಗಿತಂತೆ. ಅಡಿಗೆಗೆ ಒಲೆಗಲ್ಲು ಸಿಗಲಿಲ್ಲ. ಹಡಗಿನಲ್ಲಿದ್ದ ನೇಟ್ರಾನ್ ಗಟ್ಟಿಗಳನ್ನೇ ಒಲೆಗಲ್ಲು ಮಾಡಿ ಪಾತ್ರೆ ಇಟ್ಟರಂತೆ. ಬೆಂಕಿಗೆ ನೇಟ್ರಾನ್ ಕರಗಿ ಮರಳಿನೊಂದಿಗೆ ಬೆರೆತು ಹೊಳೆಯುವ ದ್ರವ ಹರಿಯಿತಂತೆ! ಕತೆ ಚೆನ್ನಾಗಿದೆ. ಅಡಿಗೆ ಒಲೆಯ ಕಾವು ಅದಕ್ಕೆ ಸಾಲದು, ಮೇಲಾಗಿ ಮೆಸೊಪೊಟೇಮಿಯದವರು ಅದಕ್ಕಿಂತ ಎಷ್ಟೋ ಮೊದಲೇ ಗಾಜು ಬಲ್ಲವರಾಗಿದ್ದರು. ಆದರೂ ಕತೆಯೊಳಗೊಂದು ನಿಜವಿದೆ. ಬೇಲಸ್‌ನ ಮರಳಿನಲ್ಲಿ ಕಡಲ ಚಿಪ್ಪಿನ ಪುಡಿ ತಾನಾಗಿ ಬೆರೆತಿರುತ್ತಿತ್ತು. ಬೇಕಾದ ಸುಣ್ಣ ಅಲ್ಲೇ ಇತ್ತು. ಗಾಜು ಮಾಡುವವರಿಗೆ ಸುಣ್ಣದ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಒಳ್ಳೆಯ ಮರಳು ಯಾವುದೆಂದು ಗೊತ್ತಿತ್ತು.

ಉಸಿರಿಗೆ ಮೊದಲು

ಊದುವ ವಿದ್ಯೆ ಬರುವುದಕ್ಕೆ ಮೊದಲು ಸುಮಾರು ಒಂದೂವರೆ ಸಾವಿರ ವರ್ಷ ಮನುಷ್ಯ ಗಾಜಿನ ಪಾತ್ರೆಗಳನ್ನು ಬಲು ಕಷ್ಟದಿಂದ ಮಾಡುತ್ತಿದ್ದ. ಒಂದು ಲೋಹದ ಕಡ್ಡಿಯ ತುದಿಗೆ ಜೇಡಿ, ಸಗಣಿ ಬೆರೆಸಿದ ತಿರುಳನ್ನು ಮೆತ್ತಿ, ಬೇಕಾದ ಸೀಸೆಯ ಒಳ ಆಕಾರ ಕೊಡುವುದು. ಅದರ ಸುತ್ತ ಕರಗಿದ ಗಾಜಿನ ಎಳೆಯನ್ನು ಸುತ್ತುವುದು. ಮತ್ತೆ ಕಾಯಿಸಿ, ಕಲ್ಲಿನ ಮೇಲೆ ಉರುಳಿಸಿ ನಯಮಾಡುವುದು. ಆರಿದ ಮೇಲೆ ಒಳಗಿನ ತಿರುಳನ್ನು ಕೆರೆದು ತೆಗೆಯುವುದು. ಇನ್ನೊಂದು ದಾರಿ ಅಚ್ಚಿಗೆ ಹಾಕಿ ಬಟ್ಟಲು ಮಾಡಿ, ದಿನಗಟ್ಟಲೆ ಉಜ್ಜಿ ಹೊಳಪು ತರುವುದು. ಅಂಗೈಯಲ್ಲಿ ಹಿಡಿಯುವಷ್ಟು ಸುಗಂಧದ ಸೀಸೆಗೆ ಇಷ್ಟು ಪಾಡು! ಹೀಗಾಗಿ ಗಾಜಿನ ಪಾತ್ರೆ ಅರಮನೆ, ದೇವಾಲಯ, ಸಿರಿವಂತರ ಗೋರಿಗಳನ್ನು ಬಿಟ್ಟು ಹೊರಗೆ ಬರಲಿಲ್ಲ.

ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ಟೈನ್ ಕರಾವಳಿಯ ಸೀಮೆಯಲ್ಲಿ ಯಾರೋ ಒಬ್ಬ ಕೊಳವೆಯ ತುದಿಯ ಬಿಸಿ ಗಾಜಿಗೆ ಉಸಿರು ಊದಿದ. ಆತನ ಹೆಸರು ಚರಿತ್ರೆಯಲ್ಲಿಲ್ಲ. ಆತನ ಕಾಲದವರು ಬಿಸಾಡಿದ ಕಸ ಮಾತ್ರ ಸಿಕ್ಕಿದೆ. ಜೆರುಸಲೆಮ್ಮಿನ ಹಳೆಯ ಪಟ್ಟಣದಲ್ಲಿ ಪುರಾತತ್ವಜ್ಞ ನಹಮಾನ್ ಅವಿಗಾದ್ ನಡೆಸಿದ ಉತ್ಖನನದಲ್ಲಿ ಗಾಜಿನ ಕಾರ್ಯಾಗಾರವೊಂದರ ತ್ಯಾಜ್ಯದ ರಾಶಿ ದೊರೆಯಿತು. ಅದರಲ್ಲಿ ಗಾಜಿನ ಸಣ್ಣ ಕೊಳವೆಗಳಿದ್ದವು. ಕೆಲವದರ ಒಂದು ತುದಿಯನ್ನು ಮುಚ್ಚಿ, ಬಿಸಿಮಾಡಿ, ಇನ್ನೊಂದು ತುದಿಯಿಂದ ಊದಿ ಪುಟ್ಟ ಬುಗ್ಗೆ ಎಬ್ಬಿಸಲಾಗಿತ್ತು. ಕ್ರಿ.ಪೂ. 50ರ ಸುಮಾರಿನ ಈ ಕಸವೇ ಗಾಜು ಊದಿದ್ದಕ್ಕೆ ಸಿಕ್ಕ ಅತಿ ಹಳೆಯ ಪುರಾವೆಗಳಲ್ಲೊಂದು. ಮೊದಲು ಗಾಜಿನ ಕೊಳವೆ, ಆಮೇಲೆ ಜೇಡಿಯ ಕೊಳವೆ, ಕೊನೆಗೆ ಉದ್ದನೆಯ ಕಬ್ಬಿಣದ ಊದುಗೊಳವೆ. ಹೀಗೆ ವಿದ್ಯೆ ಬೆಳೆಯಿತು.

ಪಾಕ ಬಲ್ಲವರಿಗೆ ಗೊತ್ತು

ಗಾಜನ್ನು ಊದಲು ಆಗುವುದು ಏಕೆ? ನೀರು ಹೆಪ್ಪುಗಟ್ಟುವಾಗ ಒಂದೇ ಬಿಂದುವಿನಲ್ಲಿ ಮಂಜುಗಡ್ಡೆಯಾಗುತ್ತದೆ. ಗಾಜು ಹಾಗಲ್ಲ. ಅದಕ್ಕೆ ಖಚಿತವಾದ ಕರಗುಬಿಂದು ಇಲ್ಲ. ಮನೆಯಲ್ಲಿ ಬೆಲ್ಲದ ಪಾಕ ಮಾಡುವ ತಾಯಂದಿರನ್ನು ಕೇಳಿ. ಕುದಿಯುವಾಗ ತೆಳ್ಳಗೆ, ಆರುತ್ತ ಒಂದೆಳೆ, ಎರಡೆಳೆ, ಆಮೇಲೆ ಗಟ್ಟಿ ಉಂಡೆ. ಗಾಜೂ ಹೀಗೇ ಕಾವು ಇಳಿದಂತೆ ನಿಧಾನವಾಗಿ ಬಿಗಿಯುತ್ತದೆ. ಆ ನಡುವಿನ ಕೆಲವು ಕ್ಷಣಗಳೇ ಕಸುಬುದಾರನ ಕೆಲಸದ ಹೊತ್ತು.

ರೋಮನ್ ಕಾರ್ಯಾಗಾರದ ಕೆಲಸವನ್ನು ಕಣ್ಣಮುಂದೆ ತಂದುಕೊಳ್ಳಿ. ಸೌದೆ ಉರಿಯುವ ಗುಮ್ಮಟದಂಥ ಕುಲುಮೆ. ಒಳಗೆ ಕರಗಿದ ಗಾಜು. ಕುಶಲಕರ್ಮಿ ಕೊಳವೆಯ ತುದಿಯನ್ನು ಅದರಲ್ಲಿ ಅದ್ದಿ ತಿರುಗಿಸುತ್ತಾನೆ. ಜೇನುತುಪ್ಪ ಚಮಚಕ್ಕೆ ಸುತ್ತಿಕೊಂಡಂತೆ ಗಾಜು ತುದಿಗೆ ಸುತ್ತಿಕೊಳ್ಳುತ್ತದೆ. ಅದನ್ನು ನುಣ್ಣನೆಯ ಹಾಸುಕಲ್ಲಿನ ಮೇಲೆ ಉರುಳಿಸಿ ಸಮಮಾಡುತ್ತಾನೆ. ಆಮೇಲೆ ಒಂದು ಮೆಲ್ಲನೆಯ ಉಸಿರು. ಕೆಂಪು ಉಂಡೆಯ ನಡುವೆ ಗುಳ್ಳೆ ಮೂಡುತ್ತದೆ. ಮತ್ತೆ ಕುಲುಮೆಗೆ, ಮತ್ತೆ ಹೊರಗೆ, ಮತ್ತೆ ಉಸಿರು.

ಇಲ್ಲಿ ಪ್ರಕೃತಿಯೇ ಒಂದು ಸಹಾಯ ಮಾಡುತ್ತದೆ. ಗುಳ್ಳೆಯ ಗೋಡೆ ಎಲ್ಲಿ ತೆಳುವಾಯಿತೋ ಅಲ್ಲಿ ಬೇಗ ಆರಿ ಬಿಗಿಯುತ್ತದೆ. ಆಮೇಲೆ ಊದಿದ ಉಸಿರು ಇನ್ನೂ ಬಿಸಿಯಾಗಿ ದಪ್ಪಗಿರುವ ಕಡೆಗೆ ಹರಿಯುತ್ತದೆ. ಹೀಗೆ ಗೋಡೆ ತನ್ನಷ್ಟಕ್ಕೆ ಸಮವಾಗುತ್ತ ಹೋಗುತ್ತದೆ. ಕೊಳವೆಯನ್ನು ಮಾತ್ರ ಒಂದು ಗಳಿಗೆಯೂ ತಿರುಗಿಸದೆ ಬಿಡುವಂತಿಲ್ಲ. ಬಿಟ್ಟರೆ ಗಾಜು ತನ್ನ ಭಾರಕ್ಕೇ ಒಂದು ಪಕ್ಕಕ್ಕೆ ಜೋಲುತ್ತದೆ. ಕೊಳವೆಯನ್ನು ಕೆಳಮುಖವಾಗಿ ಬೀಸಿದರೆ ಗುಳ್ಳೆ ಉದ್ದವಾಗುತ್ತದೆ. ಕಲ್ಲಿಗೆ ಒತ್ತಿದರೆ ತಳ ಚಪ್ಪಟೆಯಾಗುತ್ತದೆ. ಚಿಮ್ಮಟದಿಂದ ಹಿಚುಕಿದರೆ ಕತ್ತು ಮೂಡುತ್ತದೆ. ಇನ್ನೊಬ್ಬ ತಂದ ಬಿಸಿ ಗಾಜಿನ ಪಟ್ಟಿಯನ್ನು ಅಂಟಿಸಿ ಬಾಗಿಸಿದರೆ ಹಿಡಿ.

ಪಾತ್ರೆಯ ಬಾಯಿ ತಿದ್ದಬೇಕಾದರೆ ಅದನ್ನು ಊದುಗೊಳವೆಯಿಂದ ಬಿಡಿಸಬೇಕು. ಅದಕ್ಕೆ ತಳಕ್ಕೆ ಇನ್ನೊಂದು ಕಬ್ಬಿಣದ ಹಿಡಿಕಡ್ಡಿಯನ್ನು ಚೂರು ಬಿಸಿ ಗಾಜಿನಿಂದ ಅಂಟಿಸುವ ಉಪಾಯ ಕ್ರಿ.ಶ. ಮೊದಲ ಶತಮಾನದಲ್ಲೇ ಬಳಕೆಗೆ ಬಂತು. ಕೆಲಸ ಮುಗಿದ ಮೇಲೆ ಕಡ್ಡಿಯನ್ನು ತಟ್ಟಿ ಬಿಡಿಸಿದರೆ ತಳದಲ್ಲಿ ಒರಟು ಕಲೆ ಉಳಿಯುತ್ತದೆ. ಹಳೆಯ ಗಾಜಿನ ತಳದ ಈ ಕಲೆ ಕೈಯಿಂದ ಮಾಡಿದ್ದಕ್ಕೆ ಕೈಬರಹದ ಸಹಿಯಿದ್ದಂತೆ.

ಕೊನೆಯ ಹಂತ ಕಾಣಲು ಸಪ್ಪೆ, ಆದರೆ ತಪ್ಪಿದರೆ ಎಲ್ಲ ವ್ಯರ್ಥ. ಪಾತ್ರೆಯನ್ನು ಹಾಗೇ ಹೊರಗಿಟ್ಟರೆ ಹೊರಮೈ ಮೊದಲು ಆರಿ ಕುಗ್ಗುತ್ತದೆ, ಒಳಗೆ ಇನ್ನೂ ಬಿಸಿ. ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ಆದ್ದರಿಂದ ಸುಮಾರು 500 ಡಿಗ್ರಿಯ ಬೆಚ್ಚನೆಯ ಗೂಡಿನಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಬಿಸಿ ಚಹಾ ಸುರಿದಾಗ ಅಗ್ಗದ ಗ್ಲಾಸು ಒಡೆಯುವುದನ್ನು ಕಂಡವರಿಗೆ ಈ ಎಳೆದಾಟದ ಪರಿಚಯವಿದೆ.

ಎನ್ನಿಯಾನ್ ಮಾಡಿದ್ದು

ಬರೀ ಗಾಳಿಯಲ್ಲಿ ಊದುವುದಲ್ಲದೆ, ಜೇಡಿಯ ಎರಡು ಮೂರು ತುಂಡಿನ ಅಚ್ಚಿನೊಳಗೆ ಊದುವ ಪದ್ಧತಿಯೂ ಹುಟ್ಟಿತು. ಅಚ್ಚಿನ ಒಳಮೈಯಲ್ಲಿ ಕೊರೆದ ಬಳ್ಳಿ, ಎಲೆ, ಅಕ್ಷರ ಎಲ್ಲವೂ ಒಂದೇ ಉಸಿರಿಗೆ ಗಾಜಿನ ಮೇಲೆ ಮೂಡುತ್ತಿದ್ದವು. ಕ್ರಿ.ಶ. ಮೊದಲ ಶತಮಾನದ ಎನ್ನಿಯಾನ್ ಎಂಬ ಕುಶಲಿ ತನ್ನ ಪಾತ್ರೆಗಳ ಮೇಲೆ ‘ಎನ್ನಿಯಾನ್ ಮಾಡಿದ್ದು’ ಎಂದು ಗ್ರೀಕ್ ಅಕ್ಷರಗಳಲ್ಲಿ ಮೂಡಿಸಿದ. ಬೆವರು ಸುರಿಸಿದ ಕೈಗಳೆಲ್ಲ ಹೆಸರಿಲ್ಲದೆ ಹೋದ ಆ ಕಾಲದಲ್ಲಿ ಒಬ್ಬ ಕೆಲಸಗಾರನ ಹೆಸರು ಉಳಿದದ್ದು ಗಾಜಿನಿಂದ.

ನೀಲಿ ಗಾಜಿನ ಮೇಲೆ ಬಿಳಿ ಗಾಜಿನ ಪದರ ಹೊದಿಸಿ, ಬಿಳಿಯನ್ನು ಕೆತ್ತಿ ಮನುಷ್ಯರ ಆಕೃತಿ ಬಿಡಿಸಿದ ಅಪೂರ್ವ ವಸ್ತುಗಳೂ ಉಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಪೋರ್ಟ್‌ಲೆಂಡ್ ಹೂದಾನಿ’ ಅಂಥದು. 1845ರಲ್ಲಿ ಒಬ್ಬ ಅದನ್ನು ನೂರಾರು ಚೂರು ಮಾಡಿದ. ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಲಾಯಿತು.

ಬಣ್ಣಗಳ ಗುಟ್ಟು ಲೋಹಗಳಲ್ಲಿದೆ. ಮರಳಿನಲ್ಲಿ ತಾನಾಗಿ ಇರುವ ಕಬ್ಬಿಣದಿಂದ ತಿಳಿ ನೀಲಿಹಸಿರು ಬರುತ್ತದೆ. ಕೋಬಾಲ್ಟ್‌ನಿಂದ ಕಡುನೀಲಿ. ತಾಮ್ರದಿಂದ ನವಿಲುಬಣ್ಣ, ಉರಿಯನ್ನು ಹೊಂದಿಸಿದರೆ ಕೆಂಪು. ಮ್ಯಾಂಗನೀಸ್ ಅಥವಾ ಆಂಟಿಮನಿ ಬೆರೆಸಿದರೆ ಹಸಿರು ಅಳಿದು ಗಾಜು ನಿರ್ವರ್ಣವಾಗುತ್ತದೆ. ಆದರೆ ವಸ್ತುಸಂಗ್ರಹಾಲಯಗಳ ರೋಮನ್ ಗಾಜಿನ ಮೇಲೆ ಕಾಣುವ ಕಾಮನಬಿಲ್ಲಿನ ಮಿಂಚು ಮಾಡಿದವನ ಕೈಚಳಕವಲ್ಲ. ಶತಮಾನಗಟ್ಟಲೆ ಮಣ್ಣಿನ ತೇವ ಗಾಜಿನ ಮೇಲುಮೈಯ ಸೋಡಾವನ್ನು ಹೀರಿ, ಅದನ್ನು ಹಾಳೆಹಾಳೆಯಾಗಿ ಎಬ್ಬಿಸಿದಾಗ ಬೆಳಕು ಆಡುವ ಆಟ ಅದು. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಹರಿದಾಡುವುದೂ ಇದೇ ಕಾರಣಕ್ಕೆ.

ಕಾಸಿಗೊಂದು ಬಟ್ಟಲು

ಉಸಿರು ಮಾಡಿದ ದೊಡ್ಡ ಕೆಲಸ ಅಂದಕ್ಕಿಂತ ಅಗ್ಗದ್ದು. ಒಂದು ಸೀಸೆಗೆ ದಿನವಿಡೀ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಅಷ್ಟೇ ಗಾಜಿನಿಂದ ತೆಳುವಾದ ಹಲವು ಪಾತ್ರೆಗಳಾದವು. ರೋಮ್ ನಗರದಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಬಟ್ಟಲು ಸಿಗುತ್ತದೆ ಎಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಊದುವ ವಿದ್ಯೆ ಹುಟ್ಟಿ ಮೂರು ತಲೆಮಾರು ಕಳೆಯುವುದರೊಳಗೆ ಅರಮನೆಯ ವಸ್ತು ಅಡಿಗೆಮನೆಗೆ ಬಂದಿತ್ತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತ ಪಾಂಪೇ ನಗರದ ಮನೆಗಳಲ್ಲಿ ಎಣ್ಣೆಯ ಸೀಸೆ, ಕುಡಿಯುವ ಲೋಟ, ಹೂಜಿ, ಬಟ್ಟಲುಗಳು ರಾಶಿಯಾಗಿ ದೊರೆತಿವೆ. ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಲು ಅನುಕೂಲವಾಗಲೆಂದು ಚೌಕ ಸೀಸೆಗಳನ್ನೂ ಊದುತ್ತಿದ್ದರು.

ಗಾಜಿಗೆ ಇನ್ನೊಂದು ಗುಣವಿತ್ತು. ಮಣ್ಣಿನ ಪಾತ್ರೆ ಎಣ್ಣೆ ಹೀರುತ್ತದೆ, ತಾಮ್ರ ಹುಳಿಗೆ ಕಿಲುಬುತ್ತದೆ. ಗಾಜು ಏನನ್ನೂ ಹೀರದು, ಏನನ್ನೂ ಬಿಟ್ಟುಕೊಡದು. ಒಳಗಿರುವುದನ್ನು ಹೊರಗೇ ತೋರಿಸುತ್ತದೆ. ಒಡೆದರೂ ದಂಡವಲ್ಲ. ರೋಮ್‌ನ ಬೀದಿಗಳಲ್ಲಿ ಗಂಧಕದ ಸರಕು ಕೊಟ್ಟು ಒಡೆದ ಗಾಜು ಕೊಳ್ಳುವ ತಿರುಗುವ್ಯಾಪಾರಿಗಳಿದ್ದುದನ್ನು ಕವಿ ಮಾರ್ಷಿಯಲ್ ಹೇಳುತ್ತಾನೆ. ನಮ್ಮ ಬೀದಿಗಳ ಹಳೇ ಕಬ್ಬಿಣ, ಖಾಲಿ ಸೀಸೆಯವನ ಪೂರ್ವಿಕ!

ಈಗ ಟೈಬೀರಿಯಸ್ ಮತ್ತೆ ಬರುತ್ತಾನೆ. ಒಬ್ಬ ಕುಶಲಕರ್ಮಿ ಬಾಗುವ ಆದರೆ ಒಡೆಯದ ಗಾಜನ್ನು ಕಂಡುಹಿಡಿದು ಚಕ್ರವರ್ತಿಗೆ ತೋರಿಸಿದನಂತೆ. ನೆಲಕ್ಕೆ ಎಸೆದರೂ ಬಟ್ಟಲು ತಗ್ಗಾಯಿತೇ ಹೊರತು ಒಡೆಯಲಿಲ್ಲವಂತೆ. ಇದು ಬೇರೆ ಯಾರಿಗಾದರೂ ಗೊತ್ತೇ ಎಂದು ಕೇಳಿ, ಇಲ್ಲ ಎಂದ ಮೇಲೆ ಅವನ ತಲೆ ತೆಗೆಸಿದನಂತೆ. ಗುಟ್ಟು ಹೊರಬಿದ್ದರೆ ಚಿನ್ನ ಮಣ್ಣಿನ ಬೆಲೆಗೆ ಇಳಿದೀತೆಂಬ ಭಯ! ರೋಮನ್ ಲೇಖಕರು ಇದನ್ನು ಬೇರೆ ಬೇರೆ ರೀತಿ ಹೇಳಿದ್ದಾರೆ. ಇದು ನಿಜಕ್ಕಿಂತ ಹೆಚ್ಚಾಗಿ ಹರಡಿದ ಸುದ್ದಿ ಎಂದು ಪ್ಲಿನಿಯೇ ಎಚ್ಚರಿಸುತ್ತಾನೆ. ಕತೆ ಸುಳ್ಳಾದರೂ ಅದರ ಹಿಂದಿನ ಭಾವ ಸುಳ್ಳಲ್ಲ. ಹೊಸ ವಿದ್ಯೆ ಹಳೆಯ ಬೆಲೆಗಳನ್ನು ಬುಡಮೇಲು ಮಾಡುತ್ತದೆ ಎಂಬುದನ್ನು ಆ ಜನ ಕಣ್ಣಾರೆ ಕಂಡಿದ್ದರು.

ಅಲ್ಲಿ ಬಟ್ಟಲು, ಇಲ್ಲಿ ಬಳೆ

ಆ ಚಕ್ರವರ್ತಿಯ ನಾಣ್ಯವನ್ನು ಚಂದ್ರವಳ್ಳಿಯವರೆಗೆ ತಂದ ವ್ಯಾಪಾರ ಗಾಜನ್ನೂ ಭಾರತಕ್ಕೆ ತಂದಿತು. ಕ್ರಿ.ಶ. ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿಯಲ್ಲಿ ಭಾರತದ ಬಂದರುಗಳಿಗೆ ಬರುವ ಸರಕಿನ ಪಟ್ಟಿಯಿದೆ. ಸಿಂಧೂ ಮುಖದ ಬಾರ್ಬರಿಕಾನ್‌ಗೆ ಗಾಜಿನ ಪಾತ್ರೆಗಳು. ಭರೂಚ್ ಮತ್ತು ಕೇರಳದ ಮುಜಿರಿಸ್‌ಗೆ ಕಚ್ಚಾ ಗಾಜಿನ ಗಟ್ಟಿಗಳು. 2007ರಿಂದ ಉತ್ಖನನ ನಡೆದ ಕೇರಳದ ಪಟ್ಟಣಂನಲ್ಲೂ ರೋಮನ್ ಗಾಜಿನ ಬಟ್ಟಲುಗಳ ಚೂರುಗಳು ಸಿಕ್ಕಿವೆ.

ಕಚ್ಚಾ ಗಾಜನ್ನು ತರಿಸಿಕೊಂಡರೆಂದರೆ ಇಲ್ಲಿ ಅದನ್ನು ಕರಗಿಸಿ ಕೆಲಸ ಮಾಡಬಲ್ಲವರಿದ್ದರು ಎಂದಾಯಿತು. ಗಾಜು ಮಾಡುವುದೂ ಇಲ್ಲಿ ಹೊಸತಲ್ಲ. ಒಡೆದ ಸ್ಫಟಿಕದಿಂದ ಮಾಡುವ ಭಾರತದ ಗಾಜಿಗೆ ಸಾಟಿಯಿಲ್ಲವೆಂದು ಹೇಳುತ್ತಾರೆ ಎಂಬುದು ಪ್ಲಿನಿಯ ಮಾತು. ಅರಿಕಮೇಡುವಿನಲ್ಲಿ ಕರಗಿದ ಗಾಜನ್ನು ಟೊಳ್ಳಾದ ಉದ್ದನೆಯ ನಳಿಕೆಯಾಗಿ ಎಳೆದು, ತುಂಡರಿಸಿ ಸಾವಿರಾರು ಸಣ್ಣ ಮಣಿ ಮಾಡುತ್ತಿದ್ದರು. ಅಂಥ ಮಣಿಗಳು ಆಗ್ನೇಯ ಏಷ್ಯಾದವರೆಗೂ ಹೋದವು. ಆಂಧ್ರದ ಪಾಪಾನಾಯ್ಡುಪೇಟೆಯಲ್ಲಿ ಇದೇ ಎಳೆಯುವ ವಿದ್ಯೆ 20ನೆಯ ಶತಮಾನದವರೆಗೂ ಬದುಕಿತ್ತು.

ನೋಡಿ, ಎಷ್ಟು ಹತ್ತಿರದ ವಿದ್ಯೆಗಳು! ಜೆರುಸಲೆಮ್ಮಿನವನು ಗಾಜಿನ ನಳಿಕೆಯ ತುದಿ ಮುಚ್ಚಿ ಊದಿದ, ಸೀಸೆಯಾಯಿತು. ಅರಿಕಮೇಡುವಿನವನು ನಳಿಕೆಯನ್ನು ಎಳೆದು ಕತ್ತರಿಸಿದ, ಮಣಿಯಾಯಿತು. ಜಾಣ್ಮೆಯಲ್ಲಿ ಒಬ್ಬರು ಕಡಿಮೆಯಲ್ಲ. ಇಲ್ಲಿ ಕುಡಿಯಲು, ಉಣ್ಣಲು ಕುಂಬಾರನ ಮಡಕೆಯಿತ್ತು, ಕಂಚು ತಾಮ್ರಗಳಿದ್ದವು. ಗಾಜು ಕೊರಳಿಗೆ ಮಣಿಯಾಗಿ, ಮುಂಗೈಗೆ ಬಳೆಯಾಗಿ ಬಂತು. ಅಲ್ಲಿ ಗಾಜನ್ನು ಬಡವರ ಮನೆಗೆ ತಂದದ್ದು ಬಟ್ಟಲಾದರೆ, ಇಲ್ಲಿ ತಂದದ್ದು ಬಳೆ.

ಈ ಬಳೆಯ ಪರಂಪರೆ ಚಿತ್ರದುರ್ಗ ಜಿಲ್ಲೆಯಲ್ಲಿ ಬಹುಕಾಲ ಉಳಿಯಿತು. 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟ. ಊರ ಕೋಟೆಗೋಡೆಗೆ ಒತ್ತಿ ಕಟ್ಟಿದ ಗುಮ್ಮಟದಂಥ ಕುಲುಮೆಗಳು, ಸುತ್ತಮುತ್ತಲೇ ಸಿಗುವ ಸಾಮಗ್ರಿ, ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣ. ಗಾಜು ಒರಟು, ಪಾರದರ್ಶಕವಲ್ಲ. ಆದರೆ ಬಳೆಗೆ ಪಾರದರ್ಶಕತೆ ಯಾರಿಗೆ ಬೇಕು? ಕಬ್ಬಿಣದ ಕಡ್ಡಿಯ ತುದಿಗೆ ಗಾಜಿನ ಮುದ್ದೆ ಹಿಡಿದು, ನಡುವೆ ತೂತು ಮಾಡಿ, ತಿರುಗಿಸುತ್ತ ಹಿಗ್ಗಿಸಿ, ಜೇಡಿಯ ಶಂಕುವಿಗೆ ಇಳಿಸಿ ಅಳತೆ ಸರಿಪಡಿಸಿದರೆ ಬೆಸುಗೆಯಿಲ್ಲದ ಬಳೆ. ಇದು ನಮ್ಮ ಸಾಂಪ್ರದಾಯಿಕ ಬಳೆ ಕುಲುಮೆಗಳ ಪದ್ಧತಿ. ಅಲ್ಲಿ ಉಸಿರು ಮಾಡಿದ್ದನ್ನು ಇಲ್ಲಿ ಮಣಿಕಟ್ಟಿನ ತಿರುವು ಮಾಡುತ್ತಿತ್ತು. ಮತ್ತೋಡಿನ ಕುಲುಮೆಗಳು ಆರಿವೆ. ಇಂದು ಜಾತ್ರೆಯಲ್ಲಿ ಸಿಗುವ ಗಾಜಿನ ಬಳೆ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ.

ಚೂರು ಎಲ್ಲಿತ್ತು?

ಇಷ್ಟೆಲ್ಲ ತಿಳಿದದ್ದು ಚೂರುಗಳಿಂದ. ಜೆರುಸಲೆಮ್ಮಿನ ಕಸ, ಅರಿಕಮೇಡುವಿನ ಬಟ್ಟಲ ತುಣುಕು, ಬ್ರಹ್ಮಗಿರಿಯ ಮಡಕೆ ಚೂರು. ಚೂರಿನ ತಿಳಿವು ನಿಂತ ನೀರೂ ಅಲ್ಲ. ವ್ಹೀಲರ್ ಬ್ರಹ್ಮಗಿರಿಯ ಬೃಹತ್ ಶಿಲಾ ಗೋರಿಗಳಿಗೆ ಕ್ರಿ.ಪೂ. 200ರ ಆಚೀಚಿನ ಕಾಲ ಕಟ್ಟಿದ್ದರು. ಆಮೇಲೆ ಇಂಗಾಲದ ಕಾಲಗಣನೆ ಮತ್ತು ಇತರ ಉತ್ಖನನಗಳಿಂದ ದಕ್ಷಿಣ ಭಾರತದ ಈ ಗೋರಿಗಳ ಆರಂಭ ಹಲವು ಶತಮಾನ ಹಿಂದಕ್ಕೆ ಸರಿಯಿತು. ಅವರು ರೋಮ್‌ನ ನಂಟಿನದೆಂದು ನಂಬಿದ್ದ ಚುಕ್ಕಿಮಡಕೆ ಭಾರತದಲ್ಲೇ ತಯಾರಾದದ್ದು, ರೋಮನ್ ವ್ಯಾಪಾರಕ್ಕಿಂತ ಮೊದಲೇ ಇದ್ದದ್ದು ಎಂದು ಮಣ್ಣಿನ ಪರೀಕ್ಷೆಗಳೂ ಮರು ಉತ್ಖನನಗಳೂ ತೋರಿಸಿದವು. ದೊಡ್ಡ ಪಂಡಿತರ ಲೆಕ್ಕವನ್ನೂ ತಿದ್ದಲು ಸಾಧ್ಯವಾದದ್ದು ಯಾವ ಚೂರು ಯಾವ ಪದರದಲ್ಲಿತ್ತು ಎಂದು ಅವರು ಬರೆದಿಟ್ಟದ್ದರಿಂದ, ಮತ್ತು ತಿದ್ದಲು ಬೇಕಾದಷ್ಟು ನೆಲ ಇನ್ನೂ ಉಳಿದಿದ್ದರಿಂದ.

ಅಪಾಯ ಇರುವುದು ಇಲ್ಲೇ. ಹಳೆಯ ಗುಡಿ, ಗೋರಿ, ದಿಬ್ಬಗಳಲ್ಲಿ ನಿಧಿಯಿದೆ ಎಂಬ ಆಸೆಗೆ ರಾತ್ರಿ ಹಾರೆ ಹಿಡಿದು ಹೋಗುವವರು ಈ ಸೀಮೆಗೆ ಅಪರಿಚಿತರಲ್ಲ. ಕೊಪ್ಪರಿಗೆ ಸಿಗದ ಸಿಟ್ಟಿಗೆ ಮಣ್ಣನ್ನು ಕಲಸಿ ಹೋಗುತ್ತಾರೆ. ಎರಡು ಸಾವಿರ ವರ್ಷದ ಪುಸ್ತಕದ ಪುಟಗಳನ್ನು ಹರಿದು ಗಾಳಿಗೆ ತೂರಿದ ಹಾಗೆ. ನಿಧಿ ಅಲ್ಲಿಲ್ಲ ಎಂದಲ್ಲ. ಅಲ್ಲಿರುವ ನಿಧಿ ಎಂದರೆ ಆ ಪದರಗಳೇ.

ಮೊಳಕಾಲ್ಮೂರು, ಚಳ್ಳಕೆರೆಯ ಮಕ್ಕಳು ಬ್ರಹ್ಮಗಿರಿಗೆ ಶಾಲಾ ಪ್ರವಾಸ ಹೋದಾಗ ಶಾಸನದ ಬಂಡೆಯ ಜೊತೆಗೆ ಕಾಲಡಿಯ ನೆಲವನ್ನೂ ನೋಡಲಿ. ಮಡಕೆ ಚೂರೋ ಬಳೆ ತುಂಡೋ ಕಂಡರೆ ಜೇಬಿಗೆ ಹಾಕಬಾರದು. ಸಂರಕ್ಷಿತ ಸ್ಥಳದಿಂದ ವಸ್ತು ಎತ್ತುವುದನ್ನು ಕಾನೂನೂ ಒಪ್ಪುವುದಿಲ್ಲ. ಎಲ್ಲಿ ಕಂಡಿತು ಎಂದು ನೋಟುಪುಸ್ತಕದಲ್ಲಿ ಬರೆದು, ಚಿತ್ರ ಬಿಡಿಸಿ ಮೇಷ್ಟರಿಗೆ ತೋರಿಸಿದರೆ ಸಾಕು. ಹೊಲ ಉಳುವಾಗ ಸಿಕ್ಕರೆ ದೊಡ್ಡವರು ಪುರಾತತ್ವ ಇಲಾಖೆಗೆ ತಿಳಿಸಬಹುದು.

ಮನೆಗೆ ಬಂದ ಮೇಲೆ ಸಾಬೂನಿನ ನೀರು, ಒಂದು ಹುಲ್ಲಿನ ಕೊಳವೆ ಹಿಡಿದು ಕೂರಬಹುದು. ಮೆಲ್ಲನೆ ಊದಿದರೆ ಗುಳ್ಳೆ ಹಿಗ್ಗುತ್ತದೆ, ಜೋರಾಗಿ ಊದಿದರೆ ಒಡೆಯುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಹೆಸರಿಲ್ಲದ ಕಸುಬುದಾರ ಕಲಿತ ಮೊದಲ ಪಾಠ ಅದೇ. ಶಾಲೆಯ ಪ್ರಯೋಗಶಾಲೆಯ ಫ್ಲಾಸ್ಕು, ಪ್ರನಾಳ, ಜ್ವರ ಅಳೆಯುವ ಹಳೆಯ ಪಾದರಸದ ಕಡ್ಡಿ ಎಲ್ಲವೂ ಆ ಉಸಿರಿನ ಸಂತತಿ.

ಇನ್ನು ಬಳೆಯ ಚೂರು. ಇಸಿಲದ ಯಾವಳೋ ಒಬ್ಬ ಹೆಣ್ಣುಮಗಳ ಕೈಯಿಂದ ಅದು ಬಿದ್ದ ದಿನ ಅವಳ ಅಜ್ಜಿ ಏನೆಂದಳೋ! ಈ ನೆಲದ ಮಕ್ಕಳು ಅದನ್ನು ಅದರ ಜಾಗದಲ್ಲೇ ಬಿಟ್ಟು ಓದಲು ಕಲಿತರೆ, ಆ ಬಳೆ ನಿಜಕ್ಕೂ ಹೆಚ್ಚಿತು.